ಸಂಪಾದಕರ ಉತ್ತರ: ಹೆಸರಲ್ಲಿ ಹೊನ್ನು, ಕೊರಳಲ್ಲಿ ಇಲ್ಲ

ಶಿರಸಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರ. ಅದರಲ್ಲಿ ಎರಡು ಪುಟ ಅಡಿಕೆ ರೇಟಿನ ಕಥೆ. ಉಳಿದದ್ದರ ಸಾರ ಇಷ್ಟು:

“ನನ್ನ ಮಗ ಒಂಬತ್ತನೇ ಕ್ಲಾಸು. ಮೊಬೈಲ್ ಕೈಗೆ ಸಿಕ್ಕರೆ ಸಾಕು, ಒಂದು ಹಳೇ ವಿಡಿಯೋ ಹಾಕಿಕೊಂಡು ಕೂರುತ್ತಾನೆ. ಊವೆ ಹೋನ್ ಅಂತ ಯಾರೋ ಜರ್ಮನಿಯವನು ಜಾವೆಲಿನ್ ಎಸೆಯುವುದು. 104.80 ಮೀಟರ್ ಅಂತೆ. ಭರ್ಜಿ ಪ್ರೇಕ್ಷಕರ ಮೇಲೇ ಬಿತ್ತಂತೆ. ಅದಕ್ಕೆ ಹೆದರಿ ಭರ್ಜಿಯನ್ನೇ ಬದಲಾಯಿಸಿದರಂತೆ. ಆ ಮನುಷ್ಯ ಆಟ ಬಿಟ್ಟು ನಲವತ್ತು ವರ್ಷ ಆಗುತ್ತಾ ಬಂತು. ಒಲಿಂಪಿಕ್ಸ್‌ನಲ್ಲಿ ಒಂದು ಕಂಚೂ ಇಲ್ಲ. ಆದರೂ ಎರಡು ತಿಂಗಳಿಗೊಮ್ಮೆ ನಮ್ಮೂರಿನ ವಾಟ್ಸ್ಆ್ಯಪ್ ಗ್ರೂಪಿಗೂ ಬಂದು ಹೋಗುತ್ತಾನೆ. ಇದು ನಿಜವಾ? ನಿಜವಾದರೆ ನೀವು ಯಾಕೆ ಒಂದಕ್ಷರ ಬರೆದಿಲ್ಲ? ಸುಳ್ಳಾದರೆ ಮಗನಿಗೆ ಏನಂತ ಹೇಳಲಿ?”

ಬರೆದಿಲ್ಲ, ಹೌದು. ತಪ್ಪು ನಮ್ಮದೇ. ಕ್ರೀಡೆ ಅಂದರೆ ನಮ್ಮ ಪತ್ರಿಕೆಯಲ್ಲೂ ಮುಕ್ಕಾಲು ಪಾಲು ಕ್ರಿಕೆಟ್ಟೇ. ಸಾಲ ಇವತ್ತು ತೀರಿಸುತ್ತೇನೆ.

ಮೊದಲು ನಿಜ ಇರುವುದನ್ನು ಹೇಳಿಬಿಡುತ್ತೇನೆ. ಎಸೆತ ನಿಜ, ಅಳತೆ ನಿಜ. 1984ರ ಜುಲೈ 20, ಪೂರ್ವ ಬರ್ಲಿನ್. ಆಗಿನ್ನೂ ಜರ್ಮನಿ ಎರಡಾಗಿತ್ತು, ಗೋಡೆ ನಿಂತಿತ್ತು. ಊವೆ ಹೋನ್‌ಗೆ 22 ತುಂಬಿ ನಾಲ್ಕೇ ದಿನ ಆಗಿತ್ತು. ಅದಕ್ಕೂ ಮೊದಲು ವಿಶ್ವದಾಖಲೆ ಅಮೆರಿಕದ ಟಾಮ್ ಪೆಟ್ರಾನಾಫ್ ಹೆಸರಲ್ಲಿತ್ತು, 99.72 ಮೀಟರ್. ನೂರಕ್ಕೆ 28 ಸೆಂಟಿಮೀಟರ್ ಕಡಿಮೆ. ಒಂದು ಶಾಲೆಯ ಸ್ಕೇಲಿನಷ್ಟೂ ಇಲ್ಲ. ನೂರು ಇವತ್ತು ದಾಟುತ್ತಾರೆ, ನಾಳೆ ದಾಟುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. ಹೋನ್ ನೂರನ್ನು ಮುಟ್ಟಿ ನಿಲ್ಲಲಿಲ್ಲ. ಒಂದೇ ಏಟಿಗೆ ಹಳೇ ದಾಖಲೆಗಿಂತ ಐದು ಮೀಟರ್ ಮುಂದೆ ಹೋದರು.

104.80 ಅಂದರೆ ಎಷ್ಟು ಅಂತ ನನಗೂ ಅಂದಾಜಿರಲಿಲ್ಲ. ಪತ್ರ ಬಂದ ದಿನ ಸಂಜೆ ಆಫೀಸ್ ಗೇಟಿನಿಂದ ಹೆಜ್ಜೆ ಎಣಿಸುತ್ತಾ ಹೊರಟೆ. ನನ್ನ ಹೆಜ್ಜೆ ಮುಕ್ಕಾಲು ಮೀಟರ್. 140 ಹೆಜ್ಜೆ ಹಾಕಬೇಕಾಯ್ತು. ಝೆರಾಕ್ಸ್ ಅಂಗಡಿ ದಾಟಿತು, ಬೇಕರಿ ದಾಟಿತು, ದಿನಾ ಟೀ ಕುಡಿಯುವ ಗೂಡಂಗಡಿಯೂ ದಾಟಿ, ಅದರಾಚೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತೆ. ತಿರುಗಿ ನೋಡಿದರೆ ಗೇಟಲ್ಲಿ ನಿಂತ ವಾಚ್‌ಮ್ಯಾನ್ ಮುಖ ಕಾಣಿಸಲಿಲ್ಲ, ಬರೀ ಸಮವಸ್ತ್ರದ ಬಣ್ಣ ಕಾಣಿಸಿತು. ಅಲ್ಲಿಂದ ಇಲ್ಲಿಗೆ, 800 ಗ್ರಾಂ ಕೋಲು, ಒಂದು ಕೈಯಲ್ಲಿ.

ನಿಮ್ಮ ಸೀಮೆಯ ಲೆಕ್ಕದಲ್ಲೇ ಹೇಳುವುದಾದರೆ, ನಿಮ್ಮ ಶಿರಸಿಯ ಕಾಶಿನಾಥ್ ನಾಯ್ಕ್ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರಲ್ಲ, ಆ ಎಸೆತ 74.29 ಮೀಟರ್. ಅದೇ ದೊಡ್ಡ ಸಾಧನೆ. ಹೋನ್ ಭರ್ಜಿ ಅದರಾಚೆ ಇನ್ನೂ ಮೂವತ್ತು ಮೀಟರ್ ಹೋಗಿತ್ತು. ಆದರೆ ಎರಡನ್ನೂ ಹೀಗೆ ಪಕ್ಕಪಕ್ಕ ಇಡುವುದು ಪೂರ್ತಿ ನ್ಯಾಯ ಅಲ್ಲ. ಯಾಕೆ ಅಂತ ಮುಂದೆ ಬರುತ್ತೆ.

ಪ್ರೇಕ್ಷಕರ ಮೇಲೆ ಬಿತ್ತು ಅನ್ನುವುದು ಸುಳ್ಳು. ಭರ್ಜಿ ಹುಲ್ಲಿನ ಮೇಲೇ ಬಿತ್ತು, ಅಳೆದರು, ದಾಖಲೆ ಬರೆದರು. ಭಯ ಇದ್ದದ್ದು ಓಟಗಾರರ ಬಗ್ಗೆ. 400 ಮೀಟರ್ ಟ್ರ್ಯಾಕಿನಲ್ಲಿ ನೇರ ಭಾಗದ ಉದ್ದ ಸುಮಾರು 84 ಮೀಟರ್. ಅಷ್ಟರ ಮೇಲೆ ಟ್ರ್ಯಾಕ್ ಬಾಗುತ್ತೆ. ಭರ್ಜಿ ಹೀಗೇ ಉದ್ದ ಹೋಗುತ್ತಿದ್ದರೆ ಒಂದು ದಿನ ಎದುರಿನ ತಿರುವಿನಲ್ಲಿ ಓಡುತ್ತಿರುವವರ ಕಾಲಬುಡಕ್ಕೇ ಬಂದು ಬೀಳುತ್ತಿತ್ತು.

ಈಗ ದೊಡ್ಡ ಪ್ರಶ್ನೆ. ಇವರೊಬ್ಬರಿಂದಾಗಿಯೇ ಭರ್ಜಿ ಬದಲಾಯಿತಾ? ಅರ್ಧ ನಿಜ.

ಹಳೇ ಭರ್ಜಿಗೆ ಒಂದು ಕೆಟ್ಟ ಚಾಳಿ ಇತ್ತು. ಅದು ಗಾಳಿಯಲ್ಲಿ ತೇಲುತ್ತಿತ್ತು. ತೇಲಿ ತೇಲಿ ಕೊನೆಗೆ ಮೂತಿ ಚುಚ್ಚದೆ ಅಂಗಾತ ಬಿದ್ದುಕೊಳ್ಳುತ್ತಿತ್ತು. ನಿಯಮದ ಪ್ರಕಾರ ಮೊದಲು ತುದಿ ನೆಲ ಮುಟ್ಟಬೇಕು. ಮುಟ್ಟಿತೋ ಇಲ್ಲವೋ ಅಂತ ಹೇಳಬೇಕಾದವರು ಬಾವುಟ ಹಿಡಿದು ನಿಂತ ತೀರ್ಪುಗಾರರು. ಬಿಳಿ ಬಾವುಟವೋ ಕೆಂಪು ಬಾವುಟವೋ ಅಂತ ಕೂಟಕ್ಕೊಂದು ಜಗಳ. ಈ ಗೋಳು ಹೋನ್ ಬರುವುದಕ್ಕೆ ಮೊದಲೇ ಇತ್ತು. ಅಂತಾರಾಷ್ಟ್ರೀಯ ಒಕ್ಕೂಟದವರು ಏನಾದರೂ ಮಾಡಬೇಕು ಅಂತ ಮೊದಲೇ ತಲೆ ಕೆಡಿಸಿಕೊಂಡಿದ್ದರು. 104.80 ಬಂದ ಮೇಲೆ ಮುಂದೂಡಲು ನೆಪ ಉಳಿಯಲಿಲ್ಲ. 1986ರ ಏಪ್ರಿಲ್ 1ರಿಂದ ಹೊಸ ಭರ್ಜಿ ಬಂತು.

ಮಾಡಿದ್ದು ಇಷ್ಟೇ. ತೂಕ ಅದೇ 800 ಗ್ರಾಂ. ತೂಕದ ನಡುಬಿಂದುವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ನಾಲ್ಕೇ ಸೆಂಟಿಮೀಟರಿಗೆ ಏನು ಮಹಾ ಅಂತ ಅನಿಸಬಹುದು. ತೋಟದಲ್ಲಿ ದೋಟಿ ಇರುತ್ತಲ್ಲ, ಬರೀ ಬಿದಿರಿನ ಕೋಲನ್ನು ನಡುವೆ ಹಿಡಿದು ನೋಡಿ, ಸಮವಾಗಿ ನಿಲ್ಲುತ್ತೆ. ತುದಿಗೆ ಕತ್ತಿ ಕಟ್ಟಿ ಅದೇ ಜಾಗದಲ್ಲಿ ಹಿಡಿಯಿರಿ. ಮೂತಿ ತಾನಾಗಿ ಕೆಳಗೆ ಬಾಗುತ್ತೆ. ಹೊಸ ಭರ್ಜಿಯೂ ಹಾಗೇ. ಸ್ವಲ್ಪ ದೂರ ಹೋಗುತ್ತಿದ್ದಂತೆ ಮೂತಿ ಬಗ್ಗಿಸಿ ನೆಲ ಹುಡುಕುತ್ತೆ, ಚುಚ್ಚಿ ನಿಲ್ಲುತ್ತೆ. ಬಾವುಟದ ಜಗಳ ಮುಗಿಯಿತು. ದೂರವೂ ಹತ್ತು ಮೀಟರ್ ಹತ್ತಿರ ಕಡಿಮೆ ಆಯಿತು.

ಆಮೇಲೆ ಹಳೇ ದಾಖಲೆಗಳ ಪುಟ ಮುಚ್ಚಿದರು. ಹೊಸ ಪುಟದಲ್ಲಿ ಮೊದಲ ವಿಶ್ವದಾಖಲೆ ಪಶ್ಚಿಮ ಜರ್ಮನಿಯ ಕ್ಲೌಸ್ ಟಾಫೆಲ್‌ಮಯರ್ ಹೆಸರಲ್ಲಿ, 85.74 ಮೀಟರ್. ಈಗಿನ ದಾಖಲೆ ಝೆಕ್ ದೇಶದ ಯಾನ್ ಝೆಲೆಝ್ನಿ 1996ರಲ್ಲಿ ಜರ್ಮನಿಯ ಯೇನಾದಲ್ಲಿ ಎಸೆದ 98.48. ಹೊಸ ಭರ್ಜಿಯಲ್ಲಿ ನೂರು ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಕಾಶಿನಾಥ್ ಎಸೆದದ್ದು ಈ ಮೂತಿ ಬಗ್ಗಿಸುವ ಭರ್ಜಿಯನ್ನು. ಪಕ್ಕಪಕ್ಕ ಇಡುವುದು ನ್ಯಾಯ ಅಲ್ಲ ಅಂದದ್ದು ಇದಕ್ಕೇ.

ಇಷ್ಟು ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಬಂತು ಅಂತ ಅನಿಸುತ್ತೆ. ಯಾರೂ ಮುರಿಯಲಾಗದ ದಾಖಲೆ, ಅದಕ್ಕೇ ಜನ ಮರೆತಿಲ್ಲ ಅಂತ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆಮೇಲೆ ಪೆಟ್ರಾ ಫೆಲ್ಕೆ ನೆನಪಾದರು.

ಯಾರು ಅಂತ ಕೇಳಿದಿರಿ ಅಲ್ವಾ? ಅದೇ ನೋಡಿ. ಅದೇ ಪೂರ್ವ ಜರ್ಮನಿ, ಅದೇ ಭರ್ಜಿ ಎಸೆತ. 1988ರ ಸೆಪ್ಟೆಂಬರ್‌ನಲ್ಲಿ ಪಾಟ್ಸ್‌ಡಾಮ್‌ನಲ್ಲಿ ಆಕೆ ಎಸೆದದ್ದು 80.00 ಮೀಟರ್. ಒಂದು ಸೆಂಟಿಮೀಟರ್ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಎಂಬತ್ತು ಮುಟ್ಟಿದ ಹೆಂಗಸು ಅವತ್ತಿಗೂ ಇವತ್ತಿಗೂ ಆಕೆ ಒಬ್ಬಳೇ. ಅದೇ ತಿಂಗಳು ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನವನ್ನೂ ಗೆದ್ದಳು. 1999ರಲ್ಲಿ ಹೆಂಗಸರ ಭರ್ಜಿಯನ್ನೂ ಬದಲಾಯಿಸಿದರು, ಆಕೆಯ ದಾಖಲೆಯೂ ಹೋನ್ ದಾಖಲೆಯಂತೆಯೇ ಕಪಾಟು ಸೇರಿತು. ಹೋನ್‌ಗೆ ಇರುವುದೆಲ್ಲ ಆಕೆಗೂ ಇದೆ, ಮೇಲೊಂದು ಒಲಿಂಪಿಕ್ ಚಿನ್ನ ಬೇರೆ. ನಿಮ್ಮ ಊರಿನ ಗ್ರೂಪಿಗೆ ಆಕೆಯ ವಿಡಿಯೋ ಯಾವತ್ತಾದರೂ ಬಂದಿದೆಯಾ? ನಮ್ಮ ಗ್ರೂಪಿಗಂತೂ ಬಂದಿಲ್ಲ.

ಇನ್ನೊಬ್ಬರು ಮರಿಟಾ ಕಾಖ್. ಅವರೂ ಪೂರ್ವ ಜರ್ಮನಿಯವರೇ, 400 ಮೀಟರ್ ಓಟಗಾರ್ತಿ. 1985ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿಶ್ವಕಪ್ ಕೂಟ ನಡೆಯಿತು. ಅಲ್ಲಿ ಹೋನ್ 96.96 ಮೀಟರ್ ಎಸೆದು ಗೆದ್ದರು. ಅದೇ ಕೂಟದಲ್ಲಿ ಕಾಖ್ 47.60 ಸೆಕೆಂಡಿನಲ್ಲಿ ಓಡಿದರು. ಆ 47.60 ಇನ್ನೂ ಪುಸ್ತಕದಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದಲ್ಲಿ ಅಮೆರಿಕದ ಸಿಡ್ನಿ ಮೆಕ್‌ಲಾಫ್ಲಿನ್ ಲೆವ್ರೋನ್ 47.78ಕ್ಕೆ ಓಡಿ ಮುಗಿಸಿದಾಗ ಎಲ್ಲರ ಎದೆ ಬಡಿದುಕೊಂಡಿತು. 0.18 ಸೆಕೆಂಡ್, ಕಣ್ಣು ಮಿಟುಕಿಸುವಷ್ಟು. ಆವತ್ತು ರಾತ್ರಿ ಜಾಲತಾಣಗಳ ತುಂಬ ಕಾಖ್ ಹೆಸರು. ಆದರೆ ಹೊಗಳಿದ್ದಲ್ಲ, ಬೈದದ್ದು. ಈ ದಾಖಲೆ ಇನ್ನೂ ಯಾಕಿದೆ, ತೆಗೆದು ಹಾಕಿ ಅಂತ.

ಬೈಯಲು ಕಾರಣ ಇದೆ. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ನಿಂತು ಕ್ರೀಡಾಪಟುಗಳಿಗೆ ಮಾತ್ರೆ ತಿನ್ನಿಸುತ್ತಿತ್ತು. ಓರಲ್ ಟ್ಯೂರಿನಬಾಲ್ ಅನ್ನುವ ನೀಲಿ ಮಾತ್ರೆ, ಸ್ನಾಯು ಬೆಳೆಸುವ ಸ್ಟೀರಾಯ್ಡ್. ಎಷ್ಟೋ ಎಳೆಯ ಹುಡುಗಿಯರಿಗೆ ಅದೇನು ಅಂತಲೂ ಹೇಳದೆ ನುಂಗಿಸಿದರು. ಗೋಡೆ ಬಿದ್ದ ಮೇಲೆ ಕಡತಗಳು ಹೊರಬಂದವು. ಆ ದೇಶದ ಆ ಕಾಲದ ದಾಖಲೆಗಳ ಮೇಲೆಲ್ಲ ಈ ನೆರಳು ಇದೆ. ಹೋನ್ ಎಸೆತವೂ ಆ ನೆರಳಿನಿಂದ ಹೊರಗಿಲ್ಲ.

ಹಾಗಿದ್ದ ಮೇಲೆ ಒಬ್ಬಳಿಗೆ ಬೈಗುಳ, ಒಬ್ಬಳಿಗೆ ಮರೆವು, ಒಬ್ಬನಿಗೆ ಮಾತ್ರ ಶಿಳ್ಳೆ ಯಾಕೆ? ನನಗೆ ಕಾಣುವುದು ಹೀಗೆ. ಕಾಖ್ ದಾಖಲೆ ಇನ್ನೂ ದಾರಿಗೆ ಅಡ್ಡ ಕೂತಿದೆ. ಇವತ್ತು ಓಡುವ ಹುಡುಗಿಯರ ಪಾಲನ್ನು ಅದು ಕಿತ್ತುಕೊಳ್ಳುತ್ತಿದೆ. ಹೋನ್ ದಾಖಲೆಯಿಂದ ಇವತ್ತು ಯಾರಿಗೂ ನಷ್ಟ ಇಲ್ಲ. ಝೆಲೆಝ್ನಿಗೆ ಅಡ್ಡ ಇಲ್ಲ, ನೀರಜ್‌ಗೆ ಅಡ್ಡ ಇಲ್ಲ. ತೀರಿಹೋದ ಅಜ್ಜನ ಬೇಟೆ ಕಥೆ ಇದ್ದ ಹಾಗೆ. ಹುಲಿ ಎಷ್ಟು ಅಡಿ ಇತ್ತು ಅಂತ ಈಗ ಯಾರೂ ಟೇಪ್ ಹಿಡಿಯಬೇಕಾಗಿಲ್ಲ.

ಫೆಲ್ಕೆಗೆ ಇಲ್ಲದ್ದು, ಹೋನ್‌ಗೆ ಇರುವುದು ಕಥೆ. ‘ಒಬ್ಬ ಎಸೆದ, ಲೋಕದ ನಿಯಮವೇ ಬದಲಾಯ್ತು’, ಐದೇ ಪದ. ಆರು ಸೆಕೆಂಡಿನ ವಿಡಿಯೋಗೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಮಗನ ವಯಸ್ಸಿನವರಿಗೆ ಅದು ಹಿಡಿಸದೆ ಇರುತ್ತಾ? ದಿನ ಬೆಳಗಾದರೆ ನಿಯಮ, ಯೂನಿಫಾರಂ, ಹಾಜರಿ ಅಂತ ಸಾಯುವ ಹುಡುಗನಿಗೆ, ನಿಯಮ ಮಾಡುವವರನ್ನೇ ಓಡಾಡಿಸಿದ ಮನುಷ್ಯ ಸಿಕ್ಕಿದ್ದಾನೆ. ಕಥೆ ಅರ್ಧ ನಿಜ ಅಂತ ಹೇಳಿದರೆ ಅವನಿಗೆ ಬೇಜಾರಾಗಬಹುದು. ಆದರೂ ಹೇಳಿ.

ವಿಡಿಯೋದ್ದೂ ಒಂದು ಪಾಲಿದೆ, ಅದನ್ನು ತೆಗೆದುಹಾಕುವ ಹಾಗಿಲ್ಲ. ನಿಮ್ಮ ಪತ್ರ ಓದಿ ನಾನೂ ಏಳೆಂಟು ಸಲ ನೋಡಿದೆ. ಮಸುಕು ಚಿತ್ರ, ಮಾಸಿದ ಬಣ್ಣ. ದಪ್ಪ ಭುಜದ ಹುಡುಗ ಓಡಿ ಬರುತ್ತಾನೆ, ಕಾಲು ಅಡ್ಡ ಹಾಕುತ್ತಾನೆ, ಎಸೆಯುತ್ತಾನೆ. ಕ್ಯಾಮೆರಾ ಭರ್ಜಿಯ ಹಿಂದೆ ತಿರುಗುತ್ತೆ. ಭರ್ಜಿ ಇಳಿಯಬೇಕು, ಇಳಿಯೋದಿಲ್ಲ. ಈಗ ಇಳಿಯುತ್ತೆ ಅನ್ನುವಾಗಲೂ ಇಳಿಯೋದಿಲ್ಲ. ಈಗಿನ ಭರ್ಜಿ ನೋಡಿ ಅಭ್ಯಾಸ ಆದ ಕಣ್ಣಿಗೆ ಅದು ಏನೋ ಕಣ್ಕಟ್ಟಿನ ಹಾಗೆ ಕಾಣುತ್ತೆ. ಕಣ್ಕಟ್ಟಲ್ಲ. ತೇಲುವ ಭರ್ಜಿ ತೇಲಿದೆ, ಅಷ್ಟೇ. ಆ ಜಾತಿಯ ಭರ್ಜಿಯನ್ನು ಯಾವ ದೊಡ್ಡ ಕೂಟದಲ್ಲೂ ಈಗ ಎಸೆಯುವುದಿಲ್ಲ. ಹಾಗಾಗಿ ಆ ಹಾರಾಟ ಬೇಕು ಅಂದರೆ ಹಳೇ ಚಿತ್ರವೇ ಗತಿ.

ಅದರಲ್ಲಿ ಕಾಣದೆ ಇರುವುದು ಆ ಮನುಷ್ಯನ ನಸೀಬು. ಹೋನ್ ಅನ್ನುವುದು ನಮ್ಮ ಕಿವಿಗೆ ಹೊನ್ನು ಅಂತ ಕೇಳಿಸುತ್ತೆ, ಅಲ್ವಾ? ಹೆಸರಲ್ಲೇ ಹೊನ್ನು ಇಟ್ಟುಕೊಂಡವರಿಗೆ ಒಲಿಂಪಿಕ್ ಹೊನ್ನು ದಕ್ಕಲಿಲ್ಲ. 1982ರಲ್ಲಿ, ಇಪ್ಪತ್ತನೇ ವಯಸ್ಸಿಗೇ, ಅಥೆನ್ಸ್‌ನಲ್ಲಿ 91.34 ಮೀಟರ್ ಎಸೆದು ಯುರೋಪ್ ಚಾಂಪಿಯನ್ ಆದರು. ಮರುವರ್ಷ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ಬಂತು, ಗಾಯ. ಚಿನ್ನ ಅವರ ದೇಶದವರೇ ಆದ ಡೆಟ್ಲೆಫ್ ಮಿಶೆಲ್‌ಗೆ ಹೋಯಿತು. 1984ಕ್ಕೆ ಮೈ ಸರಿಯಾಗಿತ್ತು. ಆದರೆ ಮೇ ತಿಂಗಳಲ್ಲೇ ಸೋವಿಯತ್ ಬಣ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬಹಿಷ್ಕಾರ ಹಾಕಿತ್ತು. ಹೋನ್ 104.80 ಎಸೆದು ಎಂಟನೇ ದಿನಕ್ಕೆ ಅಲ್ಲಿ ಉದ್ಘಾಟನೆ ನಡೆಯಿತು. ಇವರಿಗೆ ಹೋಗುವ ಹಾಗಿರಲಿಲ್ಲ. ಅಲ್ಲಿ ಫಿನ್‌ಲ್ಯಾಂಡಿನ ಆರ್ಟೊ ಹಾರ್ಕೊನೆನ್ 86.76 ಮೀಟರ್ ಎಸೆದು ಚಿನ್ನ ಕಟ್ಟಿಕೊಂಡರು. ನೂರಾನಾಲ್ಕರಿಂದ ಎಂಬತ್ತಾರನ್ನು ಕಳೆಯುವ ಲೆಕ್ಕ ಹೋನ್ ಎಷ್ಟು ಸಲ ಮಾಡಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಹದಿನೆಂಟು ಮೀಟರ್, ಹೆಚ್ಚೂಕಡಿಮೆ ಒಂದು ಕ್ರಿಕೆಟ್ ಪಿಚ್. ಮರುತಿಂಗಳು ಬಹಿಷ್ಕಾರ ಹಾಕಿದ ದೇಶಗಳೆಲ್ಲ ಸೇರಿ ಮಾಸ್ಕೋದಲ್ಲಿ ಕೂಟ ಮಾಡಿದರು. ಅಲ್ಲಿ ಹೋನ್ ಗೆದ್ದರು. ಅದು ಯಾರಿಗೆ ನೆನಪಿದೆ?

ಆಮೇಲೆ ಬೆನ್ನು ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಆಯಿತು, ಗುಣ ಆಗಲಿಲ್ಲ. ಇಪ್ಪತ್ತೈದು ತುಂಬುವ ಹೊತ್ತಿಗೆ ಆಟ ಮುಗಿದಿತ್ತು. ಹೊಸ ಭರ್ಜಿಯಲ್ಲಿ ಅವರು ಎಷ್ಟು ಎಸೆಯುತ್ತಿದ್ದರು ಅನ್ನುವ ವಾದಕ್ಕೆ ಕೊನೆಯೇ ಇಲ್ಲದಿರುವುದು ಇದಕ್ಕೇ. ಮುದಿಯಾಗಿ, ದೂರ ಕಡಿಮೆಯಾಗಿ, ಆರನೇ ಏಳನೇ ಸ್ಥಾನಕ್ಕೆ ಇಳಿದ ಹೋನ್ ಅವರನ್ನು ಯಾರೂ ನೋಡಲಿಲ್ಲ.

ನಮ್ಮ ದೇಶದಲ್ಲಿ ಇವರ ಹೆಸರು ಹೀಗೆ ಓಡಾಡಲು ಬೇರೆ ಕಾರಣವೂ ಇದೆ. ಆಟ ಬಿಟ್ಟ ಮೇಲೆ ಅವರು ಕೋಚ್ ಆದರು. ಆಸ್ಟ್ರೇಲಿಯದವರಿಗೆ, ಚೀನಾದವರಿಗೆ ಕಲಿಸಿದರು. 2017ರಲ್ಲಿ ಭಾರತ ತಂಡಕ್ಕೆ ಬಂದರು. 2018ರಲ್ಲಿ ನೀರಜ್ ಚೋಪ್ರಾ ಕಾಮನ್‌ವೆಲ್ತ್ ಚಿನ್ನ ಗೆದ್ದದ್ದು, ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 88.06 ಎಸೆದು ಗೆದ್ದದ್ದು ಇವರ ಕೈಕೆಳಗೆ. ಆಮೇಲೆ ಇಬ್ಬರ ದಾರಿ ಬೇರೆ ಆಯಿತು. ನೀರಜ್ ಇನ್ನೊಬ್ಬ ಜರ್ಮನ್, ಕ್ಲೌಸ್ ಬಾರ್ಟೋನಿಯೆಟ್ಸ್ ಹತ್ತಿರ ಹೋದರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಎಸೆದು ಚಿನ್ನ ಗೆದ್ದಾಗ ಕೋಚ್ ಆಗಿದ್ದವರು ಬಾರ್ಟೋನಿಯೆಟ್ಸ್. ಅವತ್ತು ಸಂಜೆ ಎಷ್ಟೋ ಜನ ಹಂಚಿಕೊಂಡದ್ದು ಮಾತ್ರ ಹೋನ್ ಫೋಟೋ, ‘ಗುರುವಿಗೆ ಸಿಗದ ಚಿನ್ನ ಶಿಷ್ಯನಿಗೆ’ ಅನ್ನುವ ಧಾಟಿಯಲ್ಲಿ. ಓದಲು ಚೆನ್ನಾಗಿತ್ತು. ನಾನೂ ಒಬ್ಬರಿಗೆ ಕಳಿಸಿದ್ದೆ, ಸುಳ್ಳು ಹೇಳಲ್ಲ. ಅಷ್ಟರಲ್ಲಿ ಹೋನ್ ನಮ್ಮ ಕ್ರೀಡಾ ವ್ಯವಸ್ಥೆಯ ಬಗ್ಗೆ ಬಹಿರಂಗವಾಗಿ ದೂರಿ ಆಗಿತ್ತು. ಚಿನ್ನ ಬಂದ ಮರುತಿಂಗಳೇ ಅವರನ್ನು ಕೈಬಿಟ್ಟರು. ಫೋನುಗಳಲ್ಲಿ ಹಾರ, ಕಚೇರಿಯಲ್ಲಿ ಬಿಡುಗಡೆ ಪತ್ರ, ಎರಡೂ ಹೆಚ್ಚುಕಡಿಮೆ ಒಟ್ಟಿಗೆ.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವದಲ್ಲಿ ನೀರಜ್ ಹೆಸರಿನ ಜಾವೆಲಿನ್ ಕೂಟ ನಡೆಯಿತಲ್ಲ, ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಮೊದಲ ಸಲ ಹತ್ತಿರದಿಂದ ನೋಡಿದ್ದು. ಭರ್ಜಿ ಕೈಬಿಟ್ಟ ಮೇಲೆ ದೀಪದ ಬೆಳಕಲ್ಲಿ ಒಂದು ಕ್ಷಣ ಕಾಣೆಯಾಗುತ್ತೆ, ಆಮೇಲೆ ಹುಲ್ಲಲ್ಲಿ ನೆಟ್ಟಿರುವುದು ಕಾಣುತ್ತೆ. ನಡುವಿನದ್ದನ್ನು ಕಣ್ಣು ಹಿಡಿಯುವುದೇ ಇಲ್ಲ. ನೀರಜ್ ಮೂರನೇ ಎಸೆತದಲ್ಲಿ 86.18 ಮುಟ್ಟಿದರು, ಅದೇ ಗೆಲುವಿನ ಎಸೆತ. ಆ ಮೈದಾನದಲ್ಲಿ ಜರ್ಮನಿಯ ಥಾಮಸ್ ರೋಲರ್ ಕೂಡ ಇದ್ದರು. 2016ರ ರಿಯೊ ಒಲಿಂಪಿಕ್ಸ್ ಚಿನ್ನ ಗೆದ್ದವರು, 90.30 ಮೀಟರ್ ಎಸೆದು. ನಮ್ಮ ಹಿಂದಿನ ಸಾಲಲ್ಲಿ ಕಾಲೇಜು ಹುಡುಗರು ಕೂತಿದ್ದರು. ಒಬ್ಬ ರೋಲರ್ ಕಡೆ ಕೈ ತೋರಿಸಿ ಪಕ್ಕದವನಿಗೆ ಹೇಳಿದ, “ಇವರ ದೇಶದವನೇ ಕಣೋ ಆ ನೂರಾನಾಲ್ಕು!”

ಒಲಿಂಪಿಕ್ ಚಿನ್ನದ ಮನುಷ್ಯ ಕಣ್ಣೆದುರು ನಿಂತಿದ್ದಾನೆ. ಹುಡುಗರ ಫೋನಿನಲ್ಲಿ 1984 ಓಡುತ್ತಿದೆ.

ಮಗನಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಎಸೆತ ನಿಜ ಅನ್ನಿ. ಪ್ರೇಕ್ಷಕರ ಕಥೆ ಸುಳ್ಳು ಅನ್ನಿ. ನಿಯಮದ ಕಥೆ ಅರ್ಧ ಅನ್ನಿ. ನೀಲಿ ಮಾತ್ರೆಯ ವಿಷಯವನ್ನೂ ಮುಚ್ಚಿಡಬೇಡಿ, ಒಂಬತ್ತನೇ ಕ್ಲಾಸಿನವನಿಗೆ ಅರ್ಥ ಆಗುತ್ತೆ. ಪೆಟ್ರಾ ಫೆಲ್ಕೆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಿ, ಹುಡುಕಿ ನೋಡಲಿ. ಆಮೇಲೆ ಅಡಿಕೆ ಅಂಗಳದಿಂದ ಶುರು ಮಾಡಿ ಇಬ್ಬರೂ 104.80 ಮೀಟರ್ ಅಳೆಯಿರಿ. ಟೇಪ್ ಮೂವತ್ತು ಮೀಟರಿನದ್ದಾದರೆ ನಾಲ್ಕು ಸಲ ಹಿಡಿಯಬೇಕಾಗುತ್ತೆ. ತುದಿ ಎಲ್ಲಿಗೆ ಬಂತು ಅಂತ ನನಗೂ ಒಂದು ಸಾಲು ಬರೆಯಿರಿ. ಅಡಿಕೆ ರೇಟಿನ ಎರಡು ಪುಟಕ್ಕೆ ಉತ್ತರ ಮುಂದಿನ ಸಂಚಿಕೆಯಲ್ಲಿ.